ಒಪ್ಪತ್ತಿನ ದಿನ ಶುಗರ್ ಮಾತ್ರೆ

ಪ್ರಶ್ನೆ: ಅಮ್ಮ ಶನಿವಾರ ಒಪ್ಪತ್ತು ಮಾಡುತ್ತಾರೆ. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆಗಳನ್ನು ಮಾತ್ರ ಬೆಳಗ್ಗೆಯೇ ನುಂಗುತ್ತಾರೆ. ಹೋದ ವಾರ ಕೈ ನಡುಗಿ, ರವಿಕೆ ಒದ್ದೆಯಾಗುವಷ್ಟು ಬೆವರಿದರು. ಯಾಕೆ?
- ಓದುಗರು, ಶಿರಾ, ತುಮಕೂರು ಜಿಲ್ಲೆ

ಉತ್ತರ: ಸಕ್ಕರೆ ತೀರಾ ಇಳಿದಿರಬೇಕು. ಊಟವಾಗಿ ರಕ್ತದಲ್ಲಿ ಸಕ್ಕರೆ ಏರಿದಾಗ ಮೇದೋಜೀರಕ ಗ್ರಂಥಿ ಅದನ್ನು ಇಳಿಸುವ ಇನ್ಸುಲಿನ್ ಬಿಡುತ್ತದೆ, ಇಳಿದಾಗ ತಾನೇ ಕಡಿಮೆ ಮಾಡುತ್ತದೆ, ಅಲ್ವಾ? ಗ್ಲಿಮೆಪಿರೈಡ್ ಹೊಟ್ಟೆ ಖಾಲಿ ಇದ್ದರೂ ಇನ್ಸುಲಿನ್ ಬಿಡಿಸುತ್ತದೆ, ತೊಂದರೆ ಅಲ್ಲೇ. ಮೆಟ್‌ಫಾರ್ಮಿನ್ ಮುಖ್ಯವಾಗಿ ಲಿವರ್ ಸಕ್ಕರೆ ಹೊರಬಿಡುವುದನ್ನು ತಗ್ಗಿಸುತ್ತದೆ, ಅದೊಂದರಿಂದಲೇ ಹೀಗಾಗುವುದು ಅಪರೂಪ. ಮತ್ತೆ ನಡುಕ ಬಂದು, ಶುಗರ್ 70ಕ್ಕಿಂತ ಕೆಳಗಿದ್ದರೆ ತಕ್ಷಣ 3 ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷಕ್ಕೆ ಇನ್ನೊಮ್ಮೆ ನೋಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ. ಮುಂದಿನ ಶನಿವಾರಕ್ಕೆ ಮೊದಲೇ ಡಾಕ್ಟರನ್ನು ಕಂಡು ಒಪ್ಪತ್ತಿನ ವಿಷಯ ಹೇಳಿ, ನೀವೇ ಮಾತ್ರೆ ನಿಲ್ಲಿಸಬೇಡಿ.