ಒತ್ತಕ್ಷರದ ಬಾಲ ಕತ್ತರಿಸಿದ್ದೇಕೆ?

ಪ್ರಶ್ನೆ: ವರ್ಡ್‌ನಲ್ಲಿ 12 ಪಾಯಿಂಟ್ ಕನ್ನಡ ಲೇಖನಕ್ಕೆ ಲೈನ್ ಸ್ಪೇಸಿಂಗ್ ‘ಎಕ್ಸಾಕ್ಟ್‌ಲಿ’ 14 ಕೊಟ್ಟಿದ್ದೇನೆ. ಒತ್ತಕ್ಷರಗಳ ಕೆಳಭಾಗ ಮಾಯವಾಗಿದೆ. ಕೆಲವು ಸಾಲುಗಳಲ್ಲಿ ಪದಗಳು ದೂರದೂರ ಸರಿದಿವೆ. ಏನು ಮಾಡಲಿ?

ಉತ್ತರ: ಇವು ಎರಡು ಬೇರೆ ತೊಂದರೆಗಳು. ‘ಎಕ್ಸಾಕ್ಟ್‌ಲಿ’ ಎಂದರೆ ಅಕ್ಷರ ಎಷ್ಟೇ ಎತ್ತರವಿರಲಿ, ಸಾಲಿಗೆ ಅಷ್ಟೇ ಜಾಗ. ಇಂಗ್ಲಿಷಿಗೆ 14 ಸಾಕು; ನಮ್ಮ ಒತ್ತುಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲದು. ಪಠ್ಯವನ್ನೆಲ್ಲ ಆಯ್ದು, ಪ್ಯಾರಾಗ್ರಾಫ್ ಕಿಟಕಿ ತೆರೆದು, ಲೈನ್ ಸ್ಪೇಸಿಂಗ್‌ನಲ್ಲಿ ‘ಅಟ್ ಲೀಸ್ಟ್’ ಆರಿಸಿ. ಆಗ ಬೇಕಾದಲ್ಲಿ ಸಾಲು ತಾನೇ ಹಿಗ್ಗುತ್ತದೆ. ಎಲ್ಲ ಸಾಲೂ ಒಂದೇ ಅಳತೆಯಲ್ಲಿರಲೇಬೇಕೆಂದರೆ ‘ಎಕ್ಸಾಕ್ಟ್‌ಲಿ’ 18ರಿಂದ ಶುರುಮಾಡಿ, ‘ಸ್ತ್ರೀ’, ‘ರಾಷ್ಟ್ರ’ ಪೂರ್ತಿ ಕಾಣುವವರೆಗೆ ಏರಿಸುತ್ತ ಹೋಗಿ. ಫಾಂಟ್ ಬದಲಿಸಿದರೆ ಮತ್ತೆ ಪರೀಕ್ಷಿಸಬೇಕು.

ಪದಗಳು ಸರಿದಿರುವುದು ಬಹುಶಃ ಜಸ್ಟಿಫೈ ಮಾಡಿದ (ಎರಡೂ ಅಂಚಿಗೆ ಹೊಂದಿಸಿದ) ಪ್ಯಾರಾದಲ್ಲಿ ಶಿಫ್ಟ್-ಎಂಟರ್ ಒತ್ತಿದ್ದರಿಂದ. ಆ ಸಾಲನ್ನು ವರ್ಡ್ ಅಂಚಿನವರೆಗೆ ಎಳೆದುಬಿಡುತ್ತದೆ. ರಿಪ್ಲೇಸ್‌ನ ‘ಸ್ಪೆಷಲ್’ ಪಟ್ಟಿಯಿಂದ ‘ಮ್ಯಾನ್ಯುಯಲ್ ಲೈನ್ ಬ್ರೇಕ್’ (ಶಿಫ್ಟ್-ಎಂಟರ್ ಗುರುತು) ಹುಡುಕಿ, ಅದರ ಜಾಗದಲ್ಲಿ ‘ಪ್ಯಾರಾಗ್ರಾಫ್ ಮಾರ್ಕ್’ ಹಾಕಿ. ಪದ್ಯಗಳಿದ್ದರೆ ಅವುಗಳಲ್ಲಿ ಈ ಬದಲಾವಣೆ ಮಾಡಬೇಡಿ, ಎಡಕ್ಕೆ ಹೊಂದಿಸಿದರೆ ಸಾಕು. ಹೀಗೆ ಮಾಡಿದ ಮೇಲೆ ಪ್ಯಾರಾಗಳ ನಡುವೆ ಅಂತರ ಹೆಚ್ಚೆನಿಸಿದರೆ ಪ್ಯಾರಾಗ್ರಾಫ್ ಕಿಟಕಿಯಲ್ಲಿ ‘ಆಫ್ಟರ್’ ಅನ್ನು 0 ಮಾಡಿ.