ಮಿಷಿಗನ್: ಚಾಲಕರ ದಾಖಲೆ ಶುಲ್ಕದ ಗಡುವು ನೋಡುವುದು ಹೇಗೆ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಚಾಲಕರ ದಾಖಲೆ ನೋಡಲು ಕಟ್ಟುವ ಶುಲ್ಕವನ್ನು ಯಾವ ದಿನದವರೆಗೆ ವಸೂಲಿ ಮಾಡಬಹುದು ಎಂಬ ಗಡುವನ್ನು ಶಾಸನಸಭೆ ಮುಂದೂಡಿದೆಯೇ ಎಂದು ತಿಳಿಯುವುದು ಹೇಗೆ ಅಂತ ಕೇಳಿದ್ದೀರಿ. ಮಸೂದೆಯನ್ನೇ ತೆರೆದು ನೋಡಿ. ಹಳೆಯ ದಿನಾಂಕದ ಮೇಲೆ ಗೀಟು ಬಿದ್ದಿರುತ್ತದೆ, ಹೊಸದು ದಪ್ಪಕ್ಷರದಲ್ಲಿರುತ್ತದೆ. ಹಲವು ಸಲ ಬದಲಾಗುವುದು ಆ ಇಸವಿ ಮಾತ್ರ, ಶುಲ್ಕದ ಮೊತ್ತವಲ್ಲ. ಎಡವುವುದು ಇಲ್ಲೇ: ಚಾಲಕರ ದಾಖಲೆಯ ಶುಲ್ಕ 1949ರ ವಾಹನ ಸಂಹಿತೆಯಲ್ಲಿದೆ, ಗುರುತಿನ ಚೀಟಿಯ ದಾಖಲೆಯದು 1972ರ ಬೇರೆ ಕಾಯ್ದೆಯಲ್ಲಿದೆ. ಒಂದನ್ನು ತಿದ್ದಿದರೆ ಇನ್ನೊಂದು ತಾನಾಗಿ ಮುಂದೆ ಹೋಗದು, ಎರಡನ್ನೂ ನೋಡಲೇಬೇಕು. ಮಸೂದೆ ಮಂಡನೆಯಾದರೆ ಸಾಲದು, ರಾಜ್ಯಪಾಲರ ಸಹಿ ಮತ್ತು ಜಾರಿಯ ದಿನವನ್ನೂ ಖಚಿತಪಡಿಸಿಕೊಳ್ಳಿ.

ಇನ್ನೊಂದು ಮಾತು, ಇದು ನನಗೆ ಶುಲ್ಕಕ್ಕಿಂತ ಮುಖ್ಯ: ದುಡ್ಡು ಕಟ್ಟಿದ ಮಾತ್ರಕ್ಕೆ ದಾಖಲೆಯಲ್ಲಿರುವ ಬೇರೆಯವರ ವಿಳಾಸ ನೋಡುವ ಹಕ್ಕು ಬರುವುದಿಲ್ಲ. ಚಾಲಕರ ಖಾಸಗಿ ಮಾಹಿತಿ ಕಾಯುವ 1994ರ ಅಮೆರಿಕದ ಕೇಂದ್ರ ಕಾನೂನು ಒಪ್ಪುವ ಕಾರಣ ಬೇಕು. ತಿಳಿದೂ ದುರುಪಯೋಗ ಮಾಡಿದವರಿಂದ ಕನಿಷ್ಠ 2,500 ಡಾಲರ್ ಪರಿಹಾರ ಕೊಡಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ.