ಸಿಪ್ಪೆಯ ನಾರು ಕಲಬೆರಕೆಯಲ್ಲ

ಸಾಸೇಜಿಗೆ ಕಿತ್ತಳೆ ಸಿಪ್ಪೆಯ ನಾರು ಬೆರೆಸುವುದು ಕಲಬೆರಕೆಯೇ ಸರಿ ಎಂದು ಬರೆದಿದ್ದೀರಿ. ಕಿಲೋಗೆ 50 ಗ್ರಾಂ ಹಾಕಿ ನೋಡಿದಿರಂತೆ, ಹೋಳು ಪುಡಿಪುಡಿಯಾಯಿತಂತೆ.

ನಾರು ನೀರು ಹಿಡಿಯುತ್ತದೆ, ಆ ನೀರನ್ನೇ ಮಾಂಸದ ಬೆಲೆಗೆ ಮಾರುವವರೂ ಇದ್ದಾರೆ. ಇಷ್ಟು ಒಪ್ಪೋಣ. ಆದರೆ ಪರೀಕ್ಷಿಸಿ ಬರೆದ ನಿಮ್ಮಂಥವರು ಅಳತೆ ತಪ್ಪಿಸಿ ನಾರನ್ನು ದೂರಬಾರದಿತ್ತು. ಕಿಲೋಗೆ 10ರಿಂದ 15 ಗ್ರಾಂ ಸಾಕು. 20 ದಾಟಿದರೆ ಬಾಯಿಗೆ ಮರಳು ಮರಳು.

ಕ್ರಮವೂ ಮುಖ್ಯ. ಮೊದಲು ಕೊಬ್ಬಿಲ್ಲದ ಮಾಂಸಕ್ಕೆ ಉಪ್ಪು, ನೈಟ್ರೈಟ್ (ಮಾಂಸ ಕೆಡದಂತೆ ಕಾಯುವ ಲವಣ), ಸ್ವಲ್ಪ ಐಸ್ ಹಾಕಿ ಅರೆಯಿರಿ. ಒಂದು ಉಂಡೆ ಅಂಗೈಗೆ ಒತ್ತಿ ಕೈ ಮಗುಚಿದರೂ ಬೀಳಬಾರದು. ಮಾಂಸದ ಪ್ರೋಟೀನು ಬಿಟ್ಟುಕೊಂಡ ಗುರುತು ಅದು. ಆಮೇಲೆ ಕೊಬ್ಬು, ಕೊನೆಗೆ ನಾರು ಮತ್ತು ಉಳಿದ ಐಸ್. ನಾರನ್ನು ಮೊದಲೇ ಸುರಿದರೆ ಪ್ರೋಟೀನಿಗೆ ಬೇಕಾದ ನೀರನ್ನು ಅದೇ ಕುಡಿದುಬಿಡುತ್ತದೆ, ಬೇಯಿಸುವಾಗ ಕೊಬ್ಬು ಬಿಟ್ಟುಕೊಳ್ಳುತ್ತದೆ. ಅರೆಯುವಾಗ ಬಿಸಿ 12 ಡಿಗ್ರಿ ದಾಟದಿರಲಿ.

ಪುಡಿ ಎಂಥದ್ದೆಂದು ನೀವು ಬರೆದಿಲ್ಲ. ರಸ ಹಿಂಡಿದ ಚರಟ ಕೆಲವೇ ಗಂಟೆಗಳಲ್ಲಿ ಹುಳಿಯೇಳುತ್ತದೆ. ಅಷ್ಟರೊಳಗೆ ಸಿಪ್ಪೆಯ ಬಿಳಿ ಭಾಗವನ್ನು ಬಿಡಿಸಿಕೊಂಡು, ಅದನ್ನು ಬೆಚ್ಚನೆಯ ನೀರಲ್ಲಿ ಎರಡು ಮೂರು ಸಲ ತೊಳೆದು, 60 ಡಿಗ್ರಿಯಲ್ಲಿ ಒಣಗಿಸಿ, 0.2 ಮಿ.ಮೀ.ಗಿಂತ ನುಣ್ಣಗೆ ಬೀಸಬೇಕು. ತೊಳೆಯದಿದ್ದರೆ ಕಹಿ ಉಳಿಯುತ್ತದೆ, ಸಕ್ಕರೆಯೂ ಉಳಿಯುತ್ತದೆ. ಹುಳಿಯೇಳಿಸಿ ಒಣಗಿಸುವ ಸಲಾಮಿ ಸಾಸೇಜಿನಲ್ಲಿ ಆ ಸಕ್ಕರೆಯೇ ಬ್ಯಾಕ್ಟೀರಿಯಾಗಳಿಗೆ ಹಬ್ಬ, ಹುಳಿ ಮಿತಿಮೀರುತ್ತದೆ. ಕಿತ್ತಳೆ, ಸೇಬಿನ ನಾರು ತಾನೇ ಆಮ್ಲೀಯ. ಹೆಚ್ಚು ಹಾಕಿದರೆ ಮಾಂಸದ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) 5.3ರ ಆಸುಪಾಸಿಗಿಳಿದು ಪ್ರೋಟೀನು ನೀರು ಬಿಡತೊಡಗುತ್ತದೆ. ನೀರು ಹಿಡಿಯಲೆಂದು ಹಾಕಿದ ನಾರಿನಿಂದಲೇ ನೀರು ಸೋರುವುದು ಹೀಗೆ.

ಸಿಪ್ಪೆಯಲ್ಲಿರುವ ಪಾಲಿಫಿನಾಲು ಎಂಬ ಸಸ್ಯಜನ್ಯ ರಾಸಾಯನಿಕಗಳು ಉತ್ಪನ್ನದಲ್ಲಿ ಉಳಿಯುವ ನೈಟ್ರೈಟನ್ನೂ ತಗ್ಗಿಸುತ್ತವೆ. ಸಂಸ್ಕರಿತ ಮಾಂಸದ ಕ್ಯಾನ್ಸರ್ ಭಯಕ್ಕೆ ಆ ನೈಟ್ರೈಟೂ ಒಂದು ಕಾರಣ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2015ರಲ್ಲಿ ಸಂಸ್ಕರಿತ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದ ಮೇಲೆ ಇದು ಸಣ್ಣ ವಿಷಯವೇ? ಹಾಗೆಂದು ಹಾಕುವ ನೈಟ್ರೈಟನ್ನು ನೀವಾಗಿ ಕಡಿಮೆ ಮಾಡಬೇಡಿ. ಬಾಟ್ಯುಲಿಸಂ ಎಂಬ ಮಾರಕ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾವನ್ನು ತಡೆಯುವುದು ಅದೇ.

ನಿಮ್ಮ ಸಿಟ್ಟನ್ನು ಲೇಬಲ್ಲಿನತ್ತ ತಿರುಗಿಸಿ. ‘ನಾರಿನ ಮೂಲ’ ಎಂದು ಲೇಬಲ್ಲಿನಲ್ಲಿ ಹೇಳಿಕೊಳ್ಳಲು ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದ ಪ್ರಕಾರ ಘನ ಆಹಾರದ 100 ಗ್ರಾಮಿನಲ್ಲಿ 3 ಗ್ರಾಂ ನಾರಿರಬೇಕು. ಕಿಲೋಗೆ 20 ಗ್ರಾಂ ಪುಡಿ ಹಾಕಿದರೂ 100 ಗ್ರಾಮಿಗೆ 2 ಗ್ರಾಂ ದಾಟದು. ಪೊಟ್ಟಣದ ಮೇಲೆ ನಾರಿನ ಹೆಸರು ದಪ್ಪಕ್ಷರದಲ್ಲಿ ಕಂಡರೆ, ಹಿಂದೆ ತಿರುಗಿಸಿ ಮಾಂಸ ಶೇಕಡಾ ಎಷ್ಟು, ಪದಾರ್ಥಗಳ ಪಟ್ಟಿಯಲ್ಲಿ ನೀರು ಎಷ್ಟನೆಯ ಸ್ಥಾನದಲ್ಲಿದೆ ಓದಿ. ನಾರನ್ನೆಲ್ಲ ತಿಪ್ಪೆಗೆ ಸುರಿದು ಬರೀ ರಸ ಕುಡಿದು, ಆಮೇಲೆ ನಾರಿನ ಡಬ್ಬಿ ಕೊಳ್ಳುವ ನಾವು ಸಿಪ್ಪೆಗೆ ‘ತ್ಯಾಜ್ಯ’ ಎಂದು ಹೆಸರಿಟ್ಟಿದ್ದೇವಲ್ಲ, ನನ್ನ ತಕರಾರು ಆ ಹೆಸರಿನ ಮೇಲೆ.